ಒಳ್ಳೆಯವರೇ, ಆದ್ರೆ ಗೆಲ್ಲಲ್ಲ

ಈ ಮಾತನ್ನು ನಾನು ಮೊದಲ ಸಲ ಕೇಳಿದಾಗ ನನಗೆ ಹದಿಮೂರು ವರ್ಷ. ದೊಡ್ಡಪ್ಪ ತಾಲ್ಲೂಕು ಪಂಚಾಯಿತಿ ಚುನಾವಣೆಗೆ ನಿಂತಿದ್ದರು. ಇಪ್ಪತ್ತು ವರ್ಷ ಒಂದೇ ಪಕ್ಷಕ್ಕೆ ಬಾವುಟ ಕಟ್ಟಿದವರು. ರಾತ್ರಿಯೆಲ್ಲ ಗೋಡೆ ಬರಹ ಬರೆದವರು. ಟಿಕೆಟ್ ತಮಗೇ ಅಂತ ನಂಬಿದ್ದರು. ಕೊನೇ ದಿನ ಬಿ ಫಾರಂ ಬೇರೆಯವರ ಕೈ ಸೇರಿತು. "ನೀನು ಗೆಲ್ಲೋ ಕುದುರೆ ಅಲ್ಲಪ್ಪ" ಅಂದರಂತೆ.

ದೊಡ್ಡಪ್ಪ ಪಕ್ಷೇತರರಾಗಿ ನಿಂತರು. ಹೊಲಿಗೆ ಯಂತ್ರದ ಗುರುತು. ಕರಪತ್ರದ ಕಟ್ಟು ಹಿಡಿದುಕೊಂಡು ನಾನು ಅವರ ಹಿಂದೆ ಹಿಂದೆ ಓಡಾಡಿದೆ. ಯಾರೂ ಬಾಗಿಲು ಹಾಕಲಿಲ್ಲ. ಕೂರಿಸಿ ಕಾಫಿ ಕೊಟ್ಟರು, ಮಗಳ ಮದುವೆ ವಿಷಯ ವಿಚಾರಿಸಿದರು. ಹೊರಡುವಾಗ ಹೊಸಿಲ ಹತ್ತಿರ ಅದೇ ಮಾತು. "ನೀವು ಒಳ್ಳೆಯವರೇ ಅಣ್ಣ, ಆದ್ರೆ ಗೆಲ್ಲಲ್ಲ. ಓಟು ಸುಮ್ನೆ ವೇಸ್ಟ್ ಆಗುತ್ತೆ."

412 ಓಟು ಬಂತು. ಠೇವಣಿ ಹೋಯಿತು.

2025ರ ಜೂನ್‌ನಲ್ಲಿ ನಾನು ನ್ಯೂಯಾರ್ಕ್‌ನ ಮೇಯರ್ ಚುನಾವಣೆ ಸುದ್ದಿಯನ್ನು ದಿನಾ ಹುಡುಕಿ ಹುಡುಕಿ ಓದುತ್ತಿದ್ದೆ. ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ. ಆ ಊರಿಗೂ ನಿನಗೂ ಏನು ಸಂಬಂಧ ಅಂತ ಕೇಳಿದರು. ನನಗೆ ಕಾಣುತ್ತಿದ್ದದ್ದು ಹೊಲಿಗೆ ಯಂತ್ರದ ಕರಪತ್ರ.

ಅಲ್ಲಿ ನಡೆದದ್ದು ಡೆಮಾಕ್ರಟಿಕ್ ಪಕ್ಷದ ಪ್ರೈಮರಿ. ಪಕ್ಷದ ಅಭ್ಯರ್ಥಿ ಯಾರು ಅನ್ನುವುದನ್ನು ದೊಡ್ಡವರ ಮನೆಯಲ್ಲಿ ಕೂತು ತೀರ್ಮಾನ ಮಾಡುವ ಹಾಗಿಲ್ಲ. ಡೆಮಾಕ್ರಟ್ ಅಂತ ಹೆಸರು ನೋಂದಾಯಿಸಿಕೊಂಡ ಸಾಮಾನ್ಯ ಮತದಾರರೇ ಮತಗಟ್ಟೆಗೆ ಹೋಗಿ ಆರಿಸುತ್ತಾರೆ. ಆ ನಗರದಲ್ಲಿ ಆ ಪಕ್ಷದ್ದೇ ಬಲ ಜಾಸ್ತಿ. ಹಾಗಾಗಿ ಪ್ರೈಮರಿಯೇ ಅರ್ಧ ಚುನಾವಣೆ ಇದ್ದ ಹಾಗೆ.

ಮುಂದಿದ್ದವರು ಆಂಡ್ರ್ಯೂ ಕುಮೊ. ಮೂರು ಸಲ ರಾಜ್ಯಪಾಲರಾಗಿ ಗೆದ್ದವರು. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಥರ. ಅವರ ತಂದೆ ಮಾರಿಯೊ ಕುಮೊ ಕೂಡ ಮೂರು ಸಲ ಅದೇ ಹುದ್ದೆಯಲ್ಲಿದ್ದರು. 2021ರಲ್ಲಿ ಹಲವು ಮಹಿಳೆಯರು ಲೈಂಗಿಕ ಕಿರುಕುಳದ ಆರೋಪ ಮಾಡಿದ ಮೇಲೆ ಆಂಡ್ರ್ಯೂ ರಾಜೀನಾಮೆ ಕೊಟ್ಟಿದ್ದರು. ಆರೋಪವನ್ನು ಅವರು ಒಪ್ಪಲಿಲ್ಲ. 2025ರ ಮಾರ್ಚ್‌ನಲ್ಲಿ ಮೇಯರ್ ಸ್ಪರ್ಧೆಗೆ ಬಂದರು. ಇನ್ನು ಮುಗೀತು, ಉಳಿದವರು ಎರಡನೇ ಸ್ಥಾನಕ್ಕೆ ಹೊಡೆದಾಡಬೇಕು ಅಂತ ಬಹಳ ಜನ ಅಂದುಕೊಂಡರು.

ಹಿಂದಿದ್ದವರಲ್ಲಿ ಒಬ್ಬರು ಜೊಹ್ರಾನ್ ಮಮ್ದಾನಿ. ಆಗ ವಯಸ್ಸು 33. ಹುಟ್ಟಿದ್ದು ಉಗಾಂಡಾದ ಕಂಪಾಲಾದಲ್ಲಿ. ತಾಯಿ ಸಿನಿಮಾ ನಿರ್ದೇಶಕಿ ಮೀರಾ ನಾಯರ್, ತಂದೆ ಪ್ರಾಧ್ಯಾಪಕ ಮಹಮೂದ್ ಮಮ್ದಾನಿ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಅಸ್ಟೋರಿಯಾದಿಂದ ರಾಜ್ಯದ ಶಾಸನಸಭೆಗೆ 2020ರಲ್ಲಿ ಆರಿಸಿ ಬಂದಿದ್ದರು. ಫೆಬ್ರವರಿಯಲ್ಲಿ ಎಮರ್ಸನ್ ಕಾಲೇಜಿನ ಸಮೀಕ್ಷೆಯಲ್ಲಿ ಅವರಿಗೆ ಸಿಕ್ಕಿದ್ದು ಶೇಕಡ 1.

ಬಡವರ ಮನೆಯ ಹುಡುಗ ಅಂತ ನಾನು ಹೇಳುತ್ತಿಲ್ಲ. ಓದಿದ, ಹೆಸರಿದ್ದ ಮನೆತನ. ಆದರೆ ಚುನಾವಣೆಯ ಲೆಕ್ಕದಲ್ಲಿ ಅವರ ಹತ್ತಿರ ಇದ್ದದ್ದು ಆ ಒಂದೇ.

ಆ ಒಂದು ಹೇಗೆ ಬೆಳೆಯಿತು ಅನ್ನುವುದಕ್ಕೆ ಎಲ್ಲರೂ ವಿಡಿಯೋ ವಿಡಿಯೋ ಅಂತಾರೆ. ವಿಡಿಯೋಗಳು ಚೆನ್ನಾಗಿದ್ದವು, ನಿಜ. ಕೋಟು ಟೈ ಹಾಕಿಕೊಂಡು ಹೊಸ ವರ್ಷದ ಚಳಿಯಲ್ಲಿ ಕೋನಿ ಐಲೆಂಡ್ ಸಮುದ್ರಕ್ಕೆ ಇಳಿದು, ಬಾಡಿಗೆ ಏರಿಸೋದನ್ನು ನಿಲ್ಲಿಸ್ತೀನಿ ಅಂದಿದ್ದರು. ಆದರೆ ಬರೀ ವಿಡಿಯೋ ನೋಡಿ ಯಾರಾದರೂ ಸುಡುಬಿಸಿಲಲ್ಲಿ ಕ್ಯೂ ನಿಲ್ಲುತ್ತಾರಾ? ಜೂನ್ 24ರ ಮತದಾನದ ದಿನ ಅಲ್ಲಿ ಬಿಸಿಲು ಹೆಚ್ಚು ಕಡಿಮೆ 37 ಡಿಗ್ರಿ ಮುಟ್ಟಿತ್ತು.

ನನ್ನ ಕಾಲೇಜಿನ ಗೆಳತಿ ಒಬ್ಬಳು ಕ್ವೀನ್ಸ್‌ನಲ್ಲಿ ಇದ್ದಾಳೆ. ವೀಸಾ ಮೇಲೆ ಇರುವವಳು, ಓಟಿಲ್ಲ. ಮೇ ತಿಂಗಳಲ್ಲಿ ಒಂದು ಸಂಜೆ ಬಾಗಿಲು ಬಡಿದ ಹುಡುಗನಿಗೆ ಅದನ್ನೇ ಹೇಳಿದಳಂತೆ. ಅವನು ತಿರುಗಿ ಹೋಗಲಿಲ್ಲ. "ಪರವಾಗಿಲ್ಲ, ನಿಮ್ಮ ಬಾಡಿಗೆ ಎಷ್ಟು? ಹೋದ ವರ್ಷ ಎಷ್ಟಿತ್ತು?" ಅಂತ ಕೇಳಿದ. ಹತ್ತು ನಿಮಿಷ ನಿಂತು ಮಾತಾಡಿದ. "ಇಷ್ಟು ವರ್ಷದಲ್ಲಿ ನನ್ನನ್ನು ಈ ಊರಿನವಳು ಅಂತ ಕೇಳಿದ ಮೊದಲನೇ ರಾಜಕೀಯದವನು ಕಣೇ" ಅಂದಳು. ಫೋನಲ್ಲಿ ಅವಳ ಧ್ವನಿ ಸ್ವಲ್ಪ ನಡುಗಿತ್ತು.

ಅಂಥ ಸ್ವಯಂಸೇವಕರು ಹತ್ತಾರು ಸಾವಿರ ಜನ ಇದ್ದರು. ಮಮ್ದಾನಿ ಕೂಡ ನಿನ್ನೆ ಮೊನ್ನೆ ಬೀದಿಗೆ ಬಂದವರಲ್ಲ. 2021ರಲ್ಲಿ ಟ್ಯಾಕ್ಸಿ ಚಾಲಕರು ಸಾಲದಲ್ಲಿ ಮುಳುಗಿದ್ದಾಗ ಅವರ ಜೊತೆ ಕೂತು 15 ದಿನ ಉಪವಾಸ ಮಾಡಿದ್ದರು. ಆ ಚಾಲಕರಲ್ಲಿ ನಮ್ಮ ಕಡೆಯವರು, ಅಂದರೆ ಪಂಜಾಬ್, ಬಾಂಗ್ಲಾದೇಶ, ಪಾಕಿಸ್ತಾನದಿಂದ ಹೋದವರು ಬಹಳ. ಆಗ ಯಾವ ಮೇಯರ್ ಚುನಾವಣೆಗೂ ಅವರ ಹೆಸರು ಕೇಳಿರಲಿಲ್ಲ. ಕೆಲಸ ಮೊದಲು ಮಾಡಿದ್ದರು, ಓಟು ಆಮೇಲೆ ಕೇಳಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಈ ಸಂಗತಿ ಓದಿದಾಗ.

ಇನ್ನು ದುಡ್ಡಿನ ವಿಷಯ. ಕುಮೊ ಪರವಾಗಿ ಹೊರಗಿನ ಗುಂಪೊಂದು 2 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿತು. ಹಳೇ ಮೇಯರ್, ಕೋಟ್ಯಧಿಪತಿ ಮೈಕೆಲ್ ಬ್ಲೂಮ್‌ಬರ್ಗ್ ಒಬ್ಬರೇ 80 ಲಕ್ಷ ಡಾಲರ್‌ಗೂ ಜಾಸ್ತಿ ಕೊಟ್ಟರು. ಇದರ ಎದುರು ಒಬ್ಬ ಸಣ್ಣ ಅಭ್ಯರ್ಥಿ ಹೇಗೆ ನಿಲ್ಲಬೇಕು? ಅಲ್ಲಿ ನಗರಪಾಲಿಕೆಯದೇ ಒಂದು ವ್ಯವಸ್ಥೆ ಇದೆ. ಊರಿನ ನಿವಾಸಿ ಕೊಡುವ ಸಣ್ಣ ದೇಣಿಗೆಗೆ, 250 ಡಾಲರ್‌ವರೆಗೆ, ನಗರವೇ ಎಂಟು ಪಟ್ಟು ಸೇರಿಸಿ ಕೊಡುತ್ತದೆ. ಹತ್ತು ಡಾಲರ್ ಕೊಟ್ಟರೆ ಅಭ್ಯರ್ಥಿ ಕೈಗೆ ತೊಂಬತ್ತು. ಸುಮ್ನೆ ಸಿಗಲ್ಲ, ಸಾವಿರ ಜನರಿಂದಾದರೂ ದೇಣಿಗೆ ಬಂದಿರಬೇಕು, ಖರ್ಚಿಗೂ ಮಿತಿ ಇದೆ. ಮಾರ್ಚ್ ಹೊತ್ತಿಗೇ ಮಮ್ದಾನಿ ಆ ಮಿತಿ ಮುಟ್ಟುವಷ್ಟು ಸಂಗ್ರಹ ಮಾಡಿಬಿಟ್ಟರು. ಆಮೇಲೆ ಜನರಿಗೆ ಹೇಳಿದ್ದು, ಇನ್ನು ದುಡ್ಡು ಕಳಿಸಬೇಡಿ, ಬಂದು ಬಾಗಿಲು ಬಡಿಯಿರಿ ಅಂತ. ದುಡ್ಡು ಸಾಕು ಅಂದ ಅಭ್ಯರ್ಥಿಯನ್ನು ನಾನಂತೂ ಬೇರೆ ಎಲ್ಲೂ ನೋಡಿಲ್ಲ.

ಆದರೂ 'ಗೆಲ್ಲಲ್ಲ' ಅನ್ನುವ ಮಾತು ಇದೆಯಲ್ಲ, ಅದು ದುಡ್ಡಿಗೂ ಬಗ್ಗಲ್ಲ, ಕಾಫಿಗೂ ಬಗ್ಗಲ್ಲ. ಅದನ್ನು ಬಗ್ಗಿಸಿದ್ದು ಅಲ್ಲಿನ ಮತಪತ್ರ ಅಂತ ನನ್ನ ಬಲವಾದ ನಂಬಿಕೆ.

2021ರಿಂದ ನ್ಯೂಯಾರ್ಕ್ ನಗರದ ಪ್ರೈಮರಿಯಲ್ಲಿ ಒಬ್ಬ ಮತದಾರ ಐದು ಹೆಸರುಗಳನ್ನು ಗುರುತಿಸಬಹುದು. ಮೊದಲ ಆಯ್ಕೆ, ಎರಡನೇದು, ಮೂರನೇದು, ಹೀಗೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯಲ್ಲಿರುವವರನ್ನು ತೆಗೆಯುತ್ತಾರೆ. ಅವರಿಗೆ ಹಾಕಿದವರ ಓಟು ಅವರ ಮುಂದಿನ ಆಯ್ಕೆಗೆ ಹೋಗುತ್ತದೆ. ಮಮ್ದಾನಿ ಇದನ್ನು ಮ್ಯಾಂಗೋ ಲಸ್ಸಿ ಲೋಟಗಳನ್ನು ಇಟ್ಟುಕೊಂಡು ಹಿಂದಿಯಲ್ಲಿ ವಿವರಿಸಿದ್ದರು. ಒಂದು ಲೋಟದ ಲಸ್ಸಿ ಇನ್ನೊಂದು ಲೋಟಕ್ಕೆ. ಚೆಲ್ಲಿ ಹೋಗುವುದಿಲ್ಲ.

ಯೋಚನೆ ಮಾಡಿ. ಹೊಸಿಲ ಹತ್ತಿರ ದೊಡ್ಡಪ್ಪನಿಗೆ ಆ ಮಾತು ಹೇಳಿದವರ ಕೈಗೆ ಇಂಥ ಮತಪತ್ರ ಕೊಟ್ಟರೆ 'ವೇಸ್ಟ್' ಅನ್ನುವ ಮಾತೇ ಇಲ್ಲ. ಮನಸ್ಸಿಗೆ ಬಂದವರನ್ನು ಮೊದಲು ಬರೆಯಬಹುದು. ಗೆಲ್ಲಬಹುದು ಅನ್ನಿಸಿದವರನ್ನು ಕೆಳಗೆ ಬರೆಯಬಹುದು. ಭಯ ಹೋದ ಮೇಲೆ ಜನರ ನಿಜವಾದ ಇಷ್ಟ ಹೊರಗೆ ಬರುತ್ತದೆ. ಅದು ಸಮೀಕ್ಷೆಯಲ್ಲಿ ಕಾಣುತ್ತದೆ. ಸಮೀಕ್ಷೆ ನೋಡಿ ಇನ್ನಷ್ಟು ಜನ ಧೈರ್ಯ ಮಾಡುತ್ತಾರೆ. ಮೇ ಕೊನೆಗೆ ಅದೇ ಎಮರ್ಸನ್ ಸಮೀಕ್ಷೆಯ ಕೊನೇ ಸುತ್ತಿನಲ್ಲಿ ಕುಮೊ 54, ಮಮ್ದಾನಿ 46. ಮತದಾನದ ಹಿಂದಿನ ದಿನ ಮಮ್ದಾನಿ 52, ಕುಮೊ 48. ಫೆಬ್ರವರಿಯ ಆ ಒಂದನ್ನು ನೆನಪಿಟ್ಟುಕೊಂಡು ಈ ಅಂಕಿ ನೋಡಿ.

ಇನ್ನೊಂದು ಸಂಗತಿ ನನ್ನನ್ನು ಬಹಳ ತಟ್ಟಿತು. ಜೂನ್ 13ರಂದು ಮಮ್ದಾನಿ ಮತ್ತು ಆಗ ನಗರದ ಕಂಟ್ರೋಲರ್ (ಹಣಕಾಸಿನ ಲೆಕ್ಕ ನೋಡುವ ಅಧಿಕಾರಿ) ಆಗಿದ್ದ ಬ್ರಾಡ್ ಲ್ಯಾಂಡರ್ ಒಬ್ಬರನ್ನೊಬ್ಬರು ಬೆಂಬಲಿಸಿದರು. ನನ್ನನ್ನು ಮೊದಲು ಬರೆಯಿರಿ, ಅವರನ್ನು ಎರಡನೇದಾಗಿ ಬರೆಯಿರಿ ಅಂತ ಇಬ್ಬರೂ ತಮ್ಮವರಿಗೆ ಹೇಳಿದರು. ಒಬ್ಬರು ಮುಸ್ಲಿಂ, ಇನ್ನೊಬ್ಬರು ಯಹೂದಿ. ಒಂದೇ ಕುರ್ಚಿಗೆ ಎದುರಾಳಿಗಳು. ನಮ್ಮಲ್ಲಿ ಒಂದೇ ಪಕ್ಷದ ಇಬ್ಬರು ಆಕಾಂಕ್ಷಿಗಳು ಹಾಗೆ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡದ್ದು ನೋಡಿದ್ದೀರಾ? ನಮಗೆ ಗೊತ್ತಿರುವುದು ಬಂಡಾಯ, ಅದು ಬಿಟ್ಟರೆ ನಿಗಮ ಮಂಡಳಿಯ ಆಶ್ವಾಸನೆ ತಗೊಂಡು ಸುಮ್ಮನಾಗುವುದು.

ಫಲಿತಾಂಶ ಬಂದಾಗ ಮೊದಲ ಆಯ್ಕೆಯಲ್ಲೇ ಮಮ್ದಾನಿಗೆ ಸುಮಾರು ಶೇಕಡ 44, ಕುಮೊಗೆ 36, ಲ್ಯಾಂಡರ್‌ಗೆ 11. ಅದೇ ರಾತ್ರಿ ಕುಮೊ ಸೋಲು ಒಪ್ಪಿಕೊಂಡರು. ಓಟು ವರ್ಗಾವಣೆ ಆದ ಮೇಲೆ 56ಕ್ಕೆ 44. ಮೊದಲ ಸುತ್ತಿನಲ್ಲೇ ಮುಂದಿದ್ದರಲ್ಲ, ಹಾಗಾದರೆ ಎರಡನೇ ಆಯ್ಕೆಯಿಂದ ಏನು ಬದಲಾಯಿತು ಅಂತ ಒಬ್ಬರು ನನ್ನ ಜೊತೆ ವಾದ ಮಾಡಿದರು. ಎಣಿಕೆಯ ಟೇಬಲ್ಲಿಗೆ ಬರುವ ಮೊದಲೇ ಅದು ಕೆಲಸ ಮಾಡಿತ್ತು ಅಂತ ನಾನು ಹೇಳುತ್ತೇನೆ. ಆ 44ರಲ್ಲಿ ಎಷ್ಟೋ ಜನ 'ಗೆಲ್ಲೋ ಕುದುರೆ' ಲೆಕ್ಕ ಬಿಟ್ಟು ಮೊದಲ ಸಲ ಮನಸ್ಸಿಟ್ಟು ಬರೆದವರು.

ಈ ಪದ್ಧತಿ ಇದ್ದರೆ ಹಿಂದಿದ್ದವರು ಗೆದ್ದೇ ಗೆಲ್ಲುತ್ತಾರೆ ಅಂತಲ್ಲ. 2021ರಲ್ಲಿ ಇದೇ ಪ್ರೈಮರಿಯಲ್ಲಿ ಕ್ಯಾಥರಿನ್ ಗಾರ್ಸಿಯಾ ಸುತ್ತಿನಿಂದ ಸುತ್ತಿಗೆ ಏರುತ್ತಾ ಬಂದು, ಕೊನೆಗೆ ಎರಿಕ್ ಆಡಮ್ಸ್ ಎದುರು ಏಳು ಸಾವಿರ ಚಿಲ್ಲರೆ ಓಟಿನಿಂದ ಸೋತರು. ಮಮ್ದಾನಿ ಹೇಳಿದ್ದೆಲ್ಲ ಸರಿ ಅಂತಲೂ ನಾನು ಅನ್ನುವುದಿಲ್ಲ. ಬಸ್ ಉಚಿತ ಮಾಡುವುದು ಒಳ್ಳೆಯದೇ, ಆದರೆ ಆ ದುಡ್ಡಿಗೆ ರಾಜ್ಯ ಸರ್ಕಾರದ ಕಡೆ ನೋಡಬೇಕು. ನಗರವೇ ದಿನಸಿ ಅಂಗಡಿ ನಡೆಸುವುದು ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಬಾಡಿಗೆ ಏರಿಕೆ ತಡೆಯುವ ಮಾತು ಮಾತ್ರ ಗಟ್ಟಿ. ನಿಯಂತ್ರಣದಲ್ಲಿರುವ ಸುಮಾರು 10 ಲಕ್ಷ ಮನೆಗಳ ಬಾಡಿಗೆ ತೀರ್ಮಾನ ಮಾಡುವ ಮಂಡಳಿಗೆ ಸದಸ್ಯರನ್ನು ನೇಮಿಸುವುದು ಮೇಯರ್ ಅವರೇ. ನವೆಂಬರ್ 4ರಂದು, ಪಕ್ಷೇತರರಾಗಿ ಬಂದ ಕುಮೊ ಅವರನ್ನೇ ಇನ್ನೊಮ್ಮೆ ಸೋಲಿಸಿ ಮಮ್ದಾನಿ ಮೇಯರ್ ಆಗಿ ಆಯ್ಕೆಯಾದರು.

ನಮ್ಮಲ್ಲೂ ಒಂದು ಸಲ ಪ್ರೈಮರಿ ಪ್ರಯತ್ನ ಆಗಿತ್ತು, ಎಷ್ಟು ಜನರಿಗೆ ನೆನಪಿದೆಯೋ. 2014ರ ಲೋಕಸಭೆ ಚುನಾವಣೆಗೆ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಅಭ್ಯರ್ಥಿಯನ್ನು ಒಳಗಿನ ಮತದಾನದಿಂದ ಆರಿಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರಿನಲ್ಲಿ ಜನಾರ್ದನ ಪೂಜಾರಿ ಗೆದ್ದು ಟಿಕೆಟ್ ಪಡೆದರು. ಚುನಾವಣೆಯಲ್ಲಿ ಇಬ್ಬರೂ ಸೋತರು. ಒಬ್ಬರು ಸದಾನಂದ ಗೌಡರ ಎದುರು, ಇನ್ನೊಬ್ಬರು ನಳಿನ್ ಕುಮಾರ್ ಕಟೀಲ್ ಎದುರು. ಪ್ರಯೋಗ ಅಲ್ಲಿಗೇ ನಿಂತಿತು. ಆದರೆ ಆ ಪ್ರೈಮರಿಯಲ್ಲಿ ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳಂಥವರು. ಬೀದಿಯ ಮತದಾರರಿಗೆ ಬಾಗಿಲು ತೆಗೆದಿರಲಿಲ್ಲ. ಸೋತಿದ್ದಕ್ಕೆ ಪ್ರೈಮರಿಯನ್ನೇ ದೂರುವುದು ಸರಿಯಲ್ಲ. ಎಲ್ಲ ಪಕ್ಷಗಳನ್ನೂ ಕೇಳುತ್ತೇನೆ. ಹೈಕಮಾಂಡ್ ಆರಿಸಿದ ಕುದುರೆಗಳೂ ಎಷ್ಟು ಸೋತಿವೆ? ಅದಕ್ಕೆ ಹೈಕಮಾಂಡ್ ಪದ್ಧತಿಯನ್ನು ಯಾರಾದರೂ ಬಿಟ್ಟಿದ್ದಾರಾ?

ತಾಲ್ಲೂಕು ಪಂಚಾಯಿತಿ ಮಟ್ಟದಲ್ಲಾದರೂ ಇದನ್ನು ಶುರು ಮಾಡಬಹುದು ಅಂತ ನನಗೆ ಅನ್ನಿಸುತ್ತದೆ. ನೋಂದಾಯಿತ ಸದಸ್ಯರೆಲ್ಲ ಸೇರಿ, ಮೂರು ಹೆಸರು ಬರೆದು, ಬಿ ಫಾರಂ ಯಾರಿಗೆ ಅಂತ ತೀರ್ಮಾನಿಸಲಿ. ಯಾವ ಪಕ್ಷ ಮೊದಲು ಮಾಡುತ್ತದೋ ಅದರ ಸದಸ್ಯತ್ವ ನಾನು ತಗೊಳ್ಳುತ್ತೇನೆ. ತಮಾಷೆಗೆ ಹೇಳುತ್ತಿಲ್ಲ.

ಹೋದ ಸಲ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದೆಲ್ಲ ಹೇಳಿದೆ. ಈಗ ಎಪ್ಪತ್ತಾರು ವರ್ಷ. ಲಸ್ಸಿ ಇಲ್ಲ, ಮಜ್ಜಿಗೆ ಲೋಟಗಳನ್ನೇ ಇಟ್ಟು ತೋರಿಸಿದೆ. ಅವರು ಒಂದು ಲೋಟದಿಂದ ಇನ್ನೊಂದಕ್ಕೆ ತಾವೇ ಒಮ್ಮೆ ಸುರಿದು ನೋಡಿದರು.

"ಹಾಗಾದ್ರೆ ಅವತ್ತು ಕಾಫಿ ಕೊಟ್ಟರಲ್ಲ, ಅವರೆಲ್ಲ ನನ್ನ ಹೆಸರು ಮೊದಲು ಬರೀಬಹುದಿತ್ತು, ಅಲ್ವಾ ಮಗ?"

"ಬರೀಬಹುದಿತ್ತು ದೊಡ್ಡಪ್ಪ" ಅಂದೆ.

ಅವರು ಯಾವ ಯಾವ ಮನೆ ಅಂತ ಬೆರಳು ಮಡಿಸುತ್ತಾ ಎಣಿಸತೊಡಗಿದರು.