ಟ್ಯೂನಿಂಗ್: ಸ್ಟ್ಯಾಂಡರ್ಡ್ ಅಂತೆ!

ನೆಟ್‌ನಲ್ಲಿ ಸಿಗುವ, ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಅಂತ ಅಂಕಿಗಳಲ್ಲಿ ಬರೆದ ಗಿಟಾರ್ ಟ್ಯಾಬ್‌ಗಳ ನೆತ್ತಿಯ ಮೇಲೆ ಒಂದು ಸಾಲು ತಪ್ಪದೆ ಇರುತ್ತದೆ: ‘ಟ್ಯೂನಿಂಗ್: ಸ್ಟ್ಯಾಂಡರ್ಡ್’. ಅಂದರೆ ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ ಅಂತ ಕಟ್ಟುವ ಮಾಮೂಲಿ ಶ್ರುತಿ. ತುಂಬಿ ತುಳುಕುವ ಬಸ್ಸಿನಲ್ಲಿ ಕಂಡಕ್ಟರು ‘ಒಳಗೆ ಜಾಗ ಇದೆ, ಹೋಗಿ ಹೋಗಿ’ ಅನ್ನುವುದನ್ನು ಬಿಟ್ಟರೆ ಇಷ್ಟು ಸಲೀಸಾಗಿ ಸುಳ್ಳು ಹೇಳುವ ಸಾಲು ಇನ್ನೊಂದಿಲ್ಲ. ಬರೆದವನಿಗೆ ಗೊತ್ತಿರುವ ಟ್ಯೂನಿಂಗ್ ಅದೊಂದೇ, ಅದಕ್ಕೇ ಹಾಗೆ ಬರೆದಿದ್ದಾನೆ. ಅವನು ಬರೆದು ಮಲಗಿದ. ರಾತ್ರಿ ಊಟ ಮುಗಿಸಿ, ಹೆಡ್‌ಫೋನ್ ಸಿಕ್ಕಿಸಿಕೊಂಡು, ರೆಕಾರ್ಡಿನ ಜೊತೆ ಬಾರಿಸೋಣ ಅಂತ ಕೂತ ನಮ್ಮಂಥವರು ಎದ್ದಿದ್ದೇವೆ.

ಉದಾಹರಣೆಗೆ ಅಮೆರಿಕದ ರಾಕ್ ಬ್ಯಾಂಡ್ ನಿರ್ವಾನಾದ ‘ನೆವರ್‌ಮೈಂಡ್’ ಆಲ್ಬಮ್. 1991ರ ಸೆಪ್ಟೆಂಬರಿನಲ್ಲಿ ಬಂದದ್ದು. ಗಿಟಾರ್ ಕಲಿಯುವವರಿಗೆ ಎಲ್ಲರೂ ಮೊದಲು ಕೈಗೆ ಕೊಡುವುದು ಇದನ್ನೇ. ಕಾರಣವೂ ಇದೆ. ಮೂರೋ ನಾಲ್ಕೋ ಪವರ್ ಕಾರ್ಡ್ (ಎರಡೇ ಸ್ವರ ಕೂಡಿಸಿ ಬಾರಿಸುವುದು), ಸದ್ದನ್ನು ಒರಟಾಗಿಸುವ ಒಂದು ಡಿಸ್ಟಾರ್ಷನ್ ಪೆಡಲ್, ಕೋಪ ಇದ್ದರೆ ಸಾಕು ಅನ್ನುವ ನಂಬಿಕೆ. ಮೊದಲ ಹಾಡು ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಈ ನಂಬಿಕೆಯನ್ನು ಚೆನ್ನಾಗಿ ಸಾಕುತ್ತದೆ. ಸ್ಟ್ಯಾಂಡರ್ಡ್ ಟ್ಯೂನಿಂಗು, ಎಫ್, ಬಿ ಫ್ಲಾಟ್, ಎ ಫ್ಲಾಟ್, ಡಿ ಫ್ಲಾಟ್, ಇಷ್ಟೇ. ಚರಣದಲ್ಲಂತೂ ಅತಿ ತೆಳುವಾದ ಮೊದಲೆರಡು ತಂತಿಗಳ ಮೇಲೆ ಒಂದನೇ ಫ್ರೆಟ್ಟಿನಲ್ಲಿ (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿ) ಎರಡೇ ಎರಡು ಸ್ವರ, ಸಿ ಮತ್ತು ಎಫ್. ಅದಕ್ಕೊಂದಿಷ್ಟು ಕೋರಸ್ ಪೆಡಲ್. ಒಂದು ವಾರದಲ್ಲಿ ಕೈಗೆ ಬರುತ್ತದೆ. ‘ಅಯ್ಯೋ, ಇಷ್ಟೇನಾ!’ ಅಂತ ಮೂರನೇ ಹಾಡಿಗೆ ಹೋಗುತ್ತೀರಿ. ಎಡವಟ್ಟು ಶುರುವಾಗುವುದು ಅಲ್ಲಿಂದ.

ಮೂರನೆಯದು ‘ಕಮ್ ಆ್ಯಸ್ ಯು ಆರ್’. ಟ್ಯಾಬ್ ಸುಲಭ. ಆರನೇ ತಂತಿಯಲ್ಲಿ, ಅಂದರೆ ಅತಿ ದಪ್ಪನೆಯದರಲ್ಲಿ, 0-0-1-2 (ಸೊನ್ನೆ ಅಂದರೆ ಓಪನ್, ಬೆರಳಿಡದ ತಂತಿ), ಐದನೆಯದು ಓಪನ್, ಆರನೆಯದರಲ್ಲಿ 2, ಮತ್ತೆ ಐದನೆಯದು ಓಪನ್, ಆಮೇಲೆ 2-2-1-0 ಅಂತ ಇಳಿದು ಬರುವುದು. ಒಬ್ಬರೇ ಕೂತು ಬಾರಿಸಿದರೆ ಅಪ್ಪಟ ಅದೇ ರಿಫ್, ಹಾಡಿನಲ್ಲಿ ಮತ್ತೆ ಮತ್ತೆ ಬರುವ ಅದೇ ತುಣುಕು. ಮನೆಯವರೂ ಗುರುತಿಸುತ್ತಾರೆ. ರೆಕಾರ್ಡ್ ಹಾಕಿ ಜೊತೆಗೆ ಬಾರಿಸಿ ನೋಡಿ: ಎರಡು ಹಾಡುಗಳು ಒಂದೇ ಕೋಣೆಯಲ್ಲಿ ಜಗಳಕ್ಕೆ ಬಿದ್ದಿರುತ್ತವೆ. ಯಾಕೆಂದರೆ ರೆಕಾರ್ಡಿನಲ್ಲಿ ಗಿಟಾರಿನ ಆರೂ ತಂತಿಗಳು ಒಂದು ಸ್ಟೆಪ್, ಅಂದರೆ ಎರಡು ಫ್ರೆಟ್ಟಿನಷ್ಟು, ಕೆಳಗಿವೆ: ದಪ್ಪ ತಂತಿಯಿಂದ ಡಿ, ಜಿ, ಸಿ, ಎಫ್, ಎ, ಡಿ. ಎಲ್ಲ ತಂತಿಯೂ ಸಮನಾಗಿ ಇಳಿದಿರುವುದರಿಂದ ಫ್ರೆಟ್ ನಂಬರ್ ಒಂದೂ ಬದಲಾಗುವುದಿಲ್ಲ. ಅದಕ್ಕೇ ಟ್ಯಾಬ್ ಬರೆದವನಿಗೆ ತನ್ನ ತಪ್ಪು ಜನ್ಮದಲ್ಲಿ ಗೊತ್ತಾಗುವುದಿಲ್ಲ. ಅವನು ರೆಕಾರ್ಡಿನ ಜೊತೆ ಒಮ್ಮೆಯೂ ಬಾರಿಸಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಬುದ್ಧಿವಂತರು ಇಲ್ಲೊಂದು ಅಡ್ಡದಾರಿ ಹುಡುಕುತ್ತಾರೆ. ಆರು ತಂತಿ ಯಾಕೆ, ಆರನೆಯದನ್ನು ಮಾತ್ರ ಡಿಗೆ ಇಳಿಸಿದರೆ ಸಾಲದೇ ಅಂತ. ಲೆಕ್ಕ ಸರಿಯಾಗೇ ಇದೆ. ಆದರೆ ಓಪನ್ ಬಾರಿಸಬೇಕಿದ್ದ ಐದನೇ ತಂತಿಯ ಜಿ ಈಗ ಆರನೇ ತಂತಿಯ ಐದನೇ ಫ್ರೆಟ್ಟಿನಲ್ಲಿ ಸಿಗುತ್ತದೆ. ಎರಡರಿಂದ ಐದಕ್ಕೆ, ಐದರಿಂದ ಎರಡಕ್ಕೆ ಕಿರುಬೆರಳು ಇಡೀ ಹಾಡು ಓಡಾಡುತ್ತಿರಬೇಕು. ಓಪನ್ ತಂತಿ ಹಿಂದೆ ಗುಂಯ್ ಅಂತ ಉಳಿಯುವ ಆ ಸೋಮಾರಿ ನಾದವೂ ಹೋಯಿತು. ಬೇಡ ಸ್ವಾಮಿ, ಆರನ್ನೂ ಇಳಿಸಿಬಿಡಿ.

ಇಳಿಸುವುದು ಅಂದರೆ ಕೀ ತಿರುಗಿಸಿದರೆ ಆಯಿತು ಅಂದುಕೊಂಡಿರಾ? ಆರನೇ ತಂತಿ ಇ ಅಂದರೆ 82.4 ಹರ್ಟ್ಸ್, ಡಿ ಅಂದರೆ 73.4. ತಂತಿಯ ಬಿಗುವು ಈ ಸಂಖ್ಯೆಯ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಸುಮಾರು ಶೇ 20ರಷ್ಟು ಬಿಗುವು ಹೋಗುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಮಾಮೂಲಿ 10–46 ತಂತಿ ಸೆಟ್ (ತೆಳು ಮತ್ತು ದಪ್ಪ ತಂತಿಯ ಗಾತ್ರ, ಇಂಚಿನ ಸಾವಿರದ ಲೆಕ್ಕದಲ್ಲಿ) ಆದರೆ ಆರು ತಂತಿಯೂ ಸೇರಿ ಕತ್ತಿನ ಮೇಲಿರುವ ಎಳೆತ 45 ಕಿಲೋ ಆಸುಪಾಸು, ಅದರಲ್ಲಿ ಒಂಬತ್ತು ಹತ್ತು ಕಿಲೋ ಒಮ್ಮೆಗೇ ಕಡಿಮೆ. ಕತ್ತು ಹಿಂದಕ್ಕೆ ನೆಟ್ಟಗಾಗುತ್ತದೆ, ತಂತಿ ಫ್ರೆಟ್ಟಿಗೆ ತಾಗಿ ಗರಗರ ಅನ್ನುತ್ತದೆ, ಮೊದಲು ಟ್ಯೂನ್ ಮಾಡಿದ ತಂತಿ ಆರನೆಯದಕ್ಕೆ ಬರುವಷ್ಟರಲ್ಲಿ ಜಾಗ ಬಿಟ್ಟಿರುತ್ತದೆ. ಆದ್ದರಿಂದ ಕನಿಷ್ಠ ಎರಡು ಸುತ್ತು. ಪ್ರತಿ ಸಲವೂ ಬೇಕಾದ ಸ್ವರಕ್ಕಿಂತ ಕೆಳಗೆ ಹೋಗಿ, ಅಲ್ಲಿಂದ ಮೇಲಕ್ಕೆ ಬರಬೇಕು. ಮೇಲಿನಿಂದ ಇಳಿದು ನಿಲ್ಲಿಸಿದರೆ ಕೀಯ ಗೇರಿನಲ್ಲಿ ಸಡಿಲ ಉಳಿದು, ನಾಲ್ಕು ಸಲ ಬಾರಿಸುವಷ್ಟರಲ್ಲಿ ತಂತಿ ಇನ್ನಷ್ಟು ಜಾರುತ್ತದೆ. ಮೂರನೇ ತಂತಿ ಕತ್ತಿನ ತುದಿಯಲ್ಲಿರುವ ನಟ್ಟಿನ ಕಚ್ಚಿನಲ್ಲಿ ಸಿಕ್ಕಿಕೊಂಡು ‘ಟಿಂಕ್’ ಅಂದರೆ ಅಲ್ಲಿಗೆ ಸ್ವಲ್ಪ ಪೆನ್ಸಿಲ್ ಪುಡಿ ಉಜ್ಜಿ. ಗಿಟಾರಿನಲ್ಲಿ ತೇಲುವ ಬ್ರಿಡ್ಜ್ (ತಂತಿಗಳ ಎಳೆತಕ್ಕೆ ಸ್ಪ್ರಿಂಗಿನ ಎದುರೆಳೆತದಲ್ಲಿ ನಿಂತ ಬ್ರಿಡ್ಜ್) ಇದ್ದರೆ ಮಾತ್ರ ಈ ಸಾಹಸವೇ ಬೇಡ. ಒಂದು ತಂತಿ ಇಳಿಸಿದರೆ ಹಿಂದಿನ ಸ್ಪ್ರಿಂಗ್ ಉಳಿದ ಐದನ್ನೂ ಏರಿಸುತ್ತದೆ, ಅವನ್ನು ಇಳಿಸುವಷ್ಟರಲ್ಲಿ ಮೊದಲನೆಯದು ಏರಿರುತ್ತದೆ, ಬೆಳಕು ಹರಿಯುತ್ತದೆ.

ಇನ್ನು ಟ್ಯೂನರ್. ಗಿಟಾರಿನ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಇದ್ದವರು ಪುಣ್ಯವಂತರು, ಅದು ಮರದ ಕಂಪನವನ್ನು ಮಾತ್ರ ಓದುತ್ತದೆ. ಉಳಿದವರದು ಫೋನಿನ ಆ್ಯಪ್. ಅದಕ್ಕಿರುವುದು ಮೈಕು, ಮೈಕಿಗೆ ಮನೆಯೆಲ್ಲ ಸಂಗೀತವೇ.

ಸಂಜೆ ಏಳೂವರೆ ಅಂತಿಟ್ಟುಕೊಳ್ಳಿ. ಆರನೇ ತಂತಿಯನ್ನು ಡಿಗೆ ಇಳಿಸುತ್ತಿದ್ದೀರಿ. ಆ್ಯಪ್ ಡಿ ಅನ್ನುತ್ತದೆ, ಅರೆಕ್ಷಣದಲ್ಲಿ ಎ ಅನ್ನುತ್ತದೆ, ಮತ್ತೆ ಡಿ. ಇದು ಹುಚ್ಚಲ್ಲ. ಫೋನಿನ ಪುಟ್ಟ ಮೈಕಿಗೆ 73 ಹರ್ಟ್ಸ್ ಸರಿಯಾಗಿ ಕೇಳಿಸುವುದಿಲ್ಲ, ಅದರ ಮೂರರಷ್ಟಿರುವ ಹಾರ್ಮೋನಿಕ್ ಜೋರಾಗಿ ಕೇಳಿಸುತ್ತದೆ. ಡಿಯ ಮೂರನೇ ಹಾರ್ಮೋನಿಕ್ ಅಂದರೆ ಎ. ಉಪಾಯ ಇದೆ: ಪಿಕ್ ಬಿಟ್ಟು ಹೆಬ್ಬೆರಳಿನಿಂದ ಮೆತ್ತಗೆ ಮೀಟಬೇಕು, ಇಲ್ಲವೇ ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿ ಹಾರ್ಮೋನಿಕ್ ಎಬ್ಬಿಸಿ ಅದನ್ನು ಓದಿಸಬೇಕು. ಬೆರಳು ತಾಗಿಸಿದಿರಿ. ಅಡುಗೆಮನೆಯಲ್ಲಿ ಮಿಕ್ಸಿ ಶುರು. ಆ್ಯಪಿನ ಮುಳ್ಳು ಎಫ್ ಶಾರ್ಪಿನಿಂದ ಹೊರಟು, ಚಟ್ನಿ ನುಣ್ಣಗಾದಂತೆಲ್ಲ ಮೇಲೇರಿ, ಎ ಹತ್ತಿರ ನಿಂತಿತು. ಮಿಕ್ಸಿ ನಿಂತಿತು, ಮತ್ತೆ ಮೀಟಿದಿರಿ. ‘ಊಟಕ್ಕೆ ಬರ್ತೀಯೋ ಇಲ್ವೋ?’ – ಅಮ್ಮನ ದನಿ, ಜಿ ಶಾರ್ಪ್, ಕೊಂಚ ಹೆಚ್ಚು ಅಂತ ತೋರಿಸಿತು. ಬಾಗಿಲು ಹಾಕಿದಿರಿ. ಸೀಲಿಂಗ್ ಫ್ಯಾನು. ಫ್ಯಾನು ಆರಿಸಿದಿರಿ. ಬೆವರುವ ಬೆರಳಲ್ಲಿ ಇನ್ನೇನು ಮುಳ್ಳು ನಡುವಿಗೆ ಬಂತು ಅನ್ನುವಾಗ ಕುಕ್ಕರ್ ಕೂಗಿತು. ಉದ್ದಕ್ಕೆ, ಒಂದೇ ಶ್ರುತಿಯಲ್ಲಿ, ಅಲುಗದೆ. ಆ್ಯಪ್ ಹಸಿರು ಬಣ್ಣಕ್ಕೆ ತಿರುಗಿ ಟಿಕ್ ಮಾರ್ಕ್ ಕೊಟ್ಟಿತು. ಅರ್ಧ ಗಂಟೆಯಿಂದ ನಿಮ್ಮ ಗಿಟಾರಿಗೆ ಸಿಗದ ಮರ್ಯಾದೆ ಬೇಳೆ ಬೇಯುತ್ತಿದ್ದ ಕುಕ್ಕರಿಗೆ! ಅಷ್ಟರಲ್ಲಿ ಅಜ್ಜಿ ಹಾಲಿನಿಂದಲೇ, ‘ಆವಾಗ್ಲಿಂದ ಅದೇ ತಂತಿ ಟೊಂಯ್ ಟೊಂಯ್ ಅನ್ನಿಸ್ತಿದೀಯಲ್ಲ ಪುಟ್ಟಾ, ಹಾಡು ಯಾವಾಗ?’ ಅಂತಾರೆ. ‘ಟ್ಯೂನ್ ಆದ ಮೇಲೆ ಅಜ್ಜಿ’ ಅಂತೀರಿ. ‘ನಮ್ಮ ಕಾಲದಲ್ಲಿ ತಂಬೂರಿ ಶ್ರುತಿ ಮಾಡೋಕೆ ಫೋನು ಬೇಕಿರ್ಲಿಲ್ಲ.’ ಸಿಟ್ಟು ಬರುವುದು ಅವರು ಹೇಳಿದ್ದು ನಿಜ ಅನ್ನುವುದಕ್ಕೆ. ಎರಡು ಸ್ವರ ಹತ್ತಿರ ಬಂದಾಗ ವಂಯ್ ವಂಯ್ ಅನ್ನುವ ಅಲೆ ನಿಧಾನವಾಗಿ, ಪೂರ್ತಿ ಕೂಡಿದಾಗ ನಿಂತುಹೋಗುತ್ತದೆ. ಶ್ರುತಿ ಹಿಡಿದ ಕಿವಿಗೆ ಕುಕ್ಕರಿನ ಹಂಗಿಲ್ಲ.

ಆಯಿತು, ಡಿ ಬಂತು. ಆಲ್ಬಮ್ ಪೂರ್ತಿ ಜೊತೆಗೆ ಬಾರಿಸುವ ಹುಮ್ಮಸ್ಸಿದ್ದರೆ ನಾಲ್ಕನೇ ಹಾಡಿಗೆ ನೀರು ಕುಡಿಯಿರಿ, ಐದನೆಯ ‘ಲಿಥಿಯಂ’ ಕೂಡ ಇದೇ ಟ್ಯೂನಿಂಗು. ನಿಮ್ಮ ಕೈ ಇ ಆಕಾರ ಹಿಡಿದಿದ್ದರೂ ಕೇಳುವುದು ಡಿ. ಆಮೇಲೆ ‘ಡ್ರೇನ್ ಯು’ಗೆ ಮತ್ತೆ ಸ್ಟ್ಯಾಂಡರ್ಡ್. ಹನ್ನೊಂದನೆಯ ‘ಆನ್ ಎ ಪ್ಲೇನ್’ಗೆ ಡ್ರಾಪ್ ಡಿ, ಅಂದರೆ ಆರನೆಯದು ಮಾತ್ರ ಕೆಳಗೆ, ಪವರ್ ಕಾರ್ಡಿಗೆ ಒಂದೇ ಬೆರಳು ಅಡ್ಡ ಮಲಗಿಸಿದರೆ ಸಾಕು. ಎರಡು ಹಾಡಿನ ನಡುವೆ ರೆಕಾರ್ಡ್ ಕೊಡುವ ಬಿಡುವು ಕೆಲವು ಸೆಕೆಂಡು. ಅವರಿಗೇನು, ಸ್ಟುಡಿಯೋದಲ್ಲಿ ಒಂದೊಂದೇ ಹಾಡು ಹಿಡಿದದ್ದು.

ಟ್ಯಾಬ್ ನಂಬದವರು ವಿಡಿಯೋ ನೋಡುತ್ತಾರೆ. ಅಲ್ಲೂ ಗುಂಡಿ ಇದೆ. 1993ರ ನವೆಂಬರಿನ ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮದಲ್ಲಿ ಬ್ಯಾಂಡಿನ ಗಾಯಕ, ಗಿಟಾರಿಸ್ಟ ಕರ್ಟ್ ಕೊಬೇನ್ ಬೆರಳು ಎಲ್ಲಿಡುತ್ತಾನೆ ಅಂತ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಅಲ್ಲಿ ಗಿಟಾರ್ ಇರುವುದು ಹಾಫ್ ಸ್ಟೆಪ್, ಅಂದರೆ ಒಂದು ಫ್ರೆಟ್ಟಿನಷ್ಟು, ಕೆಳಗೆ. ಅದನ್ನು ನೋಡಿ ‘ಕಮ್ ಆ್ಯಸ್ ಯು ಆರ್’ ಕಲಿತು ಆಲ್ಬಮ್ಮಿನ ಜೊತೆ ಬಾರಿಸಿದರೆ ಹಾಫ್ ಸ್ಟೆಪ್ ವ್ಯತ್ಯಾಸ. ಪೂರ್ತಿ ಸ್ಟೆಪ್ಪಿನ ತಪ್ಪಿಗಿಂತ ಅರ್ಧದ್ದು ಕಿವಿಗೆ ಹೆಚ್ಚು ಚುಚ್ಚುತ್ತದೆ. ಇನ್ನು ಹಾಡು ಕೇಳಿ ತಾನೇ ಕಾರ್ಡ್ ಹೇಳುವ ಆ್ಯಪ್‌ಗಳು. ಪವರ್ ಕಾರ್ಡಿನಲ್ಲಿ ಮೇಜರ್ ಮೈನರ್ ತೀರ್ಮಾನಿಸುವ ಸ್ವರವೇ ಇರುವುದಿಲ್ಲ, ಪಾಪ ಅದು ಮಾಡುವುದೇನು? ಡಿಸ್ಟಾರ್ಷನ್ ಗದ್ದಲದಲ್ಲಿ ಸಿಕ್ಕ ಸ್ವರವನ್ನೆಲ್ಲ ಹೆಕ್ಕಿ ‘ಎಫ್ ಮೈನರ್ ಸೆವೆನ್ ಆ್ಯಡ್ ಇಲೆವೆನ್’ ಅನ್ನುತ್ತದೆ.

ಕಿವಿಯನ್ನೇ ನಂಬಿ. ಒಂದು ಕಿವಿಯ ಇಯರ್‌ಫೋನ್ ತೆಗೆಯಿರಿ. ಎಡಕ್ಕೊಂದು ಬಲಕ್ಕೊಂದು ಗಿಟಾರ್ ಹಂಚಿರುವ ಕಡೆ ಅರ್ಧ ಗೋಜಲು ಅಲ್ಲೇ ಕಳೆಯುತ್ತದೆ. ನಾಲ್ಕು ಸೆಕೆಂಡಿನ ತುಂಡು ಲೂಪ್ ಮಾಡಿ, ಶ್ರುತಿ ಬದಲಾಗದಂತೆ ವೇಗ ಅರ್ಧಕ್ಕಿಳಿಸಿ. ಮೊದಲು ಹುಡುಕಬೇಕಾದ್ದು ಇಡೀ ಹಾಡಿನ ಅತಿ ಕೆಳಗಿನ ಗಿಟಾರ್ ಸ್ವರ. ಅದು ನಿಮ್ಮ ಇಗಿಂತ ಕೆಳಗಿದ್ದರೆ ಸ್ಟ್ಯಾಂಡರ್ಡ್ ಅನ್ನುವ ಮಾತು ಅಲ್ಲೇ ಬಿತ್ತು. ಆದರೆ ಬೇಸ್ ಗಿಟಾರಿನ ಸ್ವರವನ್ನು ಗಿಟಾರಿನದು ಅಂದುಕೊಳ್ಳಬೇಡಿ. ‘ಡ್ರೇನ್ ಯು’ ನಡುವೆ ಬರುವ ವಿಚಿತ್ರ ಸದ್ದುಗಳನ್ನು ಫ್ರೆಟ್‌ಬೋರ್ಡಿನ ಮೇಲೆ ಹುಡುಕಿ ಸುಸ್ತಾದವರಿದ್ದಾರೆ. ಅದರಲ್ಲಿ ಒತ್ತಿದರೆ ಕೀಚ್ ಅನ್ನುವ ಗೊಂಬೆಯೂ ಸ್ಪ್ರೇ ಡಬ್ಬಿಯೂ ಸೇರಿವೆ. ‘ಟೆರಿಟೋರಿಯಲ್ ಪಿಸಿಂಗ್ಸ್’ನ ಆ ಕರ್ಕಶ ಸದ್ದು ನಿಮ್ಮ ಆಂಪ್ಲಿಫೈಯರಿನಲ್ಲಿ ಬಾರದಿದ್ದರೆ ಆಂಪ್ ಬೈಯಬೇಡಿ. ರೆಕಾರ್ಡಿಂಗಿನಲ್ಲಿ ಆಂಪನ್ನೇ ಬಿಟ್ಟು ಗಿಟಾರನ್ನು ನೇರ ಮಿಕ್ಸಿಂಗ್ ಬೋರ್ಡಿಗೆ ಹಾಕಿದ್ದಾರೆ.

ಕೊನೆಗೆ ಹನ್ನೆರಡನೆಯದು, ‘ಸಮ್‌ಥಿಂಗ್ ಇನ್ ದ ವೇ’. ಇಲ್ಲಿ ಯಾವ ಟ್ಯೂನರ್ರೂ ನಡೆಯುವುದಿಲ್ಲ. ಹನ್ನೆರಡು ತಂತಿಯ ಒಂದು ಹಳೇ ಸ್ಟೆಲಾ ಅಕೂಸ್ಟಿಕ್, ಅದರಲ್ಲಿ ಇದ್ದದ್ದು ಐದೇ ನೈಲಾನ್ ತಂತಿ, ಅವೂ ಶ್ರುತಿ ತಪ್ಪಿದವು. ‘ಪಾಲಿ’ಯೂ ಅದರಲ್ಲೇ. ಲಾಸ್ ಏಂಜಲೀಸಿನ ಸೌಂಡ್ ಸಿಟಿ ಸ್ಟುಡಿಯೋದಲ್ಲಿ ಹಾಡು ಬ್ಯಾಂಡಿನ ಅಬ್ಬರದಲ್ಲಿ ಕೂರದಿದ್ದಾಗ, ಕೊಬೇನ್ ಕಂಟ್ರೋಲ್ ರೂಮಿನ ಸೋಫಾದ ಮೇಲೆ ಮಲಗಿಕೊಂಡು, ಕೇಳಿಸಿಯೂ ಕೇಳಿಸದಂತೆ ಹಾಡಿ ತೋರಿಸಿದ. ನಿರ್ಮಾಪಕ ಬುಚ್ ವಿಗ್ ಫೋನು ಗೀನು ಬಂದ್ ಮಾಡಿಸಿ ಅದನ್ನೇ ಹಿಡಿದ. ಆಮೇಲೆ ಬೇಸ್, ಚೆಲ್ಲೊ ಎಲ್ಲ ಆ ಶ್ರುತಿ ತಪ್ಪಿದ ಗಿಟಾರಿಗೇ ಹೊಂದಿಕೊಳ್ಳಬೇಕಾಯಿತು. ಆಗ ಅವನಿಗೆ 24 ವರ್ಷ, ಇನ್ನು ಮೂರು ವರ್ಷಕ್ಕೆ ಇಲ್ಲ. ತಂತಿ ಬದಲಿಸುವ ಗೋಜಿಗೂ ಹೋಗದ ಆ ಗಿಟಾರಿನ ಶ್ರುತಿ ಎಷ್ಟು ಸೆಂಟ್ (ಹಾಫ್ ಸ್ಟೆಪ್ಪಿನ ನೂರನೇ ಒಂದು ಭಾಗ) ತಪ್ಪಿತ್ತು ಅಂತ ನಾವು ಇಲ್ಲಿ ಹೊಸ ತಂತಿ ಹಾಕಿಕೊಂಡು ಅಳೆಯುತ್ತ ಕೂತಿದ್ದೇವೆ.

ಗಿಟಾರನ್ನು ರೆಕಾರ್ಡಿಗೆ ಹೊಂದಿಸುವುದು ಕಷ್ಟವಾದರೆ ರೆಕಾರ್ಡನ್ನೇ ಗಿಟಾರಿಗೆ ಹೊಂದಿಸಿ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಶ್ರುತಿಯನ್ನು ಶೇಕಡಾ ಲೆಕ್ಕದಲ್ಲಿ ಬದಲಿಸಬಹುದು. ಹಾಫ್ ಸ್ಟೆಪ್ ಏರಿಸಲು ಶೇ 5.95, ಅದರ ಕಾಲು ಭಾಗಕ್ಕೆ ಶೇ 1.45. ಏರಿಸಿ, ಇಳಿಸಿ, ವಂಯ್ ವಂಯ್ ನಿಲ್ಲುವವರೆಗೆ.

ಉಳಿದ ಹಾಡುಗಳಿಗೆ ನನ್ನ ಲೆಕ್ಕದಲ್ಲಿ ಒಂದೇ ಪರಿಹಾರ. 11–49 ಸೆಟ್ ಹಾಕಿ, ಗಿಟಾರನ್ನು ಕಾಯಂ ಡಿಗೆ ಇಳಿಸಿ, ಹನ್ನೆರಡನೇ ಫ್ರೆಟ್ಟಿನಲ್ಲಿ ಇಂಟೊನೇಷನ್ (ಒತ್ತಿದ ಸ್ವರ ಓಪನ್ ಸ್ವರಕ್ಕೆ ಸರಿಹೊಂದುವುದು) ಸರಿಮಾಡಿ ಬಿಟ್ಟುಬಿಡಿ. ಸ್ಟ್ಯಾಂಡರ್ಡ್ ಬೇಕಾದಾಗ ಎರಡನೇ ಫ್ರೆಟ್ಟಿಗೆ ಕ್ಯಾಪೊ, ಅಂದರೆ ಆರೂ ತಂತಿಯನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು. ಕ್ಯಾಪೊ ಬಿಗಿಯಾದರೆ ತಂತಿ ಒಂದೆರಡು ಸೆಂಟ್ ಏರುತ್ತದೆ, ಕ್ಯಾಪೊವನ್ನು ಫ್ರೆಟ್ಟಿಗೆ ಒತ್ತಿಕೊಂಡಂತೆ ಕೂರಿಸಿದರೆ ಸರಿ. ಡ್ರಾಪ್ ಡಿ ಬೇಕೇ, ಕ್ಯಾಪೊ ಇರುವಾಗಲೇ ಆರನೆಯದೊಂದನ್ನು ಇಳಿಸಿ. ಅಂತೂ ಎಲ್ಲ ಕೂಡಿಬಂದು, ಆಲ್ಬಮ್ ಮೊದಲಿನಿಂದ ಕೊನೆವರೆಗೆ ಜಗಳವಿಲ್ಲದೆ ನುಡಿದ ದಿನವೇ ಮನೆಗೆ ನೆಂಟರು ಬರುತ್ತಾರೆ. ಚಿಕ್ಕಪ್ಪ ಗಿಟಾರ್ ಕೈಗೆತ್ತಿಕೊಂಡು, ‘ಇದೇನೋ ಕ್ಲಿಪ್ಪು ಮಧ್ಯದಲ್ಲಿ?’ ಅಂತ ಕ್ಯಾಪೊ ಕಿತ್ತು ಟೀಪಾಯ್ ಮೇಲಿಟ್ಟು, ಕಾಲೇಜಿನಲ್ಲಿ ಕಲಿತ ಒಂದೇ ಒಂದು ಕಾರ್ಡ್ ಬಾರಿಸಿ, ‘ಟ್ಯೂನೇ ಇಲ್ವಲ್ಲೋ ಇದು’ ಅಂದು ಆರೂ ಕೀಗಳನ್ನು ತಿರುಗಿಸಲು ಶುರುಮಾಡುತ್ತಾರೆ.