ಹಳಿ ಕಾಯುವವರಿಗೆ ಆಕಾಶದ ಸಂಬಳ

ತುಮಕೂರಿನಿಂದ ಬೆಂಗಳೂರಿಗೆ ದಿನಾ ಪಾಸಿನಲ್ಲಿ ಓಡಾಡುವ ನಮ್ಮಂಥವರಿಗೆ, ರೈಲಿನ ವಿಷಯದಲ್ಲಿ ತಿಳಿಯದ್ದು ಏನೂ ಇಲ್ಲ ಎಂಬ ಜಂಬವಿದೆ. ಯಾವ ಬೋಗಿ ಯಾವ ಕಂಬದ ಎದುರು ನಿಲ್ಲುತ್ತದೆ, ಕ್ಯಾತ್ಸಂದ್ರದಲ್ಲಿ ಹತ್ತಿದರೆ ಸೀಟಿಗೆ ಯಾರ ಸ್ನೇಹ ಬೇಕು, ದೊಡ್ಡಬೆಲೆ ದಾಟುವಷ್ಟರಲ್ಲಿ ಯಾರ ಗೊರಕೆ ಶುರುವಾಗುತ್ತದೆ, ಎಲ್ಲ ಬಾಯಿಪಾಠ. ಮೊನ್ನೆ ಆ ಜಂಬ ಇಳಿಯಿತು. ಇಳಿಸಿದವರು ಎದುರು ಸೀಟಿನ ಒಬ್ಬ ನಿವೃತ್ತ ಗ್ಯಾಂಗ್‌ಮನ್, ಅಂದರೆ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದವರು.

"ರೈಲು ಕ್ಷೇಮವಾಗಿದೆಯೇ ಎಂದು ನೋಡುವ ಸಾಹೇಬರು ಯಾವ ಇಲಾಖೆಯವರು, ಹೇಳಿ ಸ್ವಾಮಿ?"

"ರೈಲ್ವೆಯವರು. ಇನ್ಯಾರು?"

"ವಿಮಾನದವರು" ಎಂದರು, ಕಡಲೆಕಾಯಿ ಸಿಪ್ಪೆಯನ್ನು ಜೋಪಾನವಾಗಿ ಪೊಟ್ಟಣಕ್ಕೇ ಹಾಕಿಕೊಳ್ಳುತ್ತಾ.

ತಮಾಷೆ ಎಂದುಕೊಂಡೆ. ಅಲ್ಲವಂತೆ. ಹೊಸ ಹಳಿಯ ಮೇಲೆ ಪ್ರಯಾಣಿಕರನ್ನು ಹತ್ತಿಸಬಹುದೋ ಬೇಡವೋ ಎಂದು ಹೇಳುವ, ಸಾವುನೋವಾದಾಗ ತನಿಖೆ ನಡೆಸುವ ರೈಲ್ವೆ ಸುರಕ್ಷತಾ ಆಯೋಗ ಇರುವುದು ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ. ಮುಖ್ಯ ಆಯುಕ್ತರ ಕಚೇರಿ ಲಖನೌದಲ್ಲಿ. ನಮ್ಮ ಕಡೆಯ ಹಳಿಗಳನ್ನು ನೋಡುವ ಆಯುಕ್ತರು ಬೆಂಗಳೂರಿನಲ್ಲಿ.

ಇದರ ಹಿಂದೆ ಒಳ್ಳೆಯ ಬುದ್ಧಿಯೇ ಇತ್ತೆನ್ನಿ. ಬ್ರಿಟಿಷರ ಕಾಲದಲ್ಲಿ ತಪಾಸಣೆಯವರೂ ರೈಲ್ವೆ ಮಂಡಳಿಯ ಕೈಕೆಳಗೇ ಇದ್ದರು. ಅಡುಗೆಭಟ್ಟನೇ ಎಲೆಗೆ ಕೂತು ಉಪ್ಪು ಸರಿಯಿದೆ ಎಂದ ಹಾಗೆ. ಇದು ಸರಿಯಲ್ಲವೆಂದು 1941ರಲ್ಲಿ ಅವರನ್ನು ಅಲ್ಲಿಂದ ಬಿಡಿಸಿ ಅಂಚೆ ಮತ್ತು ವಾಯು ಇಲಾಖೆಗೆ ಒಪ್ಪಿಸಿದರು. 1967ರಿಂದ ವಿಮಾನಯಾನದವರ ಜಗಲಿಯಲ್ಲೇ ಬಿಡಾರ. ಕಾನೂನಿನ ಬಲವುಳ್ಳ ಸ್ವತಂತ್ರ ಸುರಕ್ಷತಾ ಪ್ರಾಧಿಕಾರ ಬೇಕು ಎಂದು, ರೈಲು ಸುರಕ್ಷೆಯ ಪರಿಶೀಲನೆಗೆ ನೇಮಿಸಿದ್ದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಹೇಳಿತು. ಹೇಳಿತು, ಅಷ್ಟೇ.

ಜಗಲಿ ಬೇರೆಯಾದರೂ ಆಳು ಹಳಬರೇ. ಆಯುಕ್ತರಾಗಿ ಬರುವವರು ರೈಲ್ವೆಯಲ್ಲೇ ದುಡಿದು ಪಳಗಿದ ಅಧಿಕಾರಿಗಳು. ನಿನ್ನೆಯವರೆಗೆ ತಾವೇ ಹಾಕಿಸುತ್ತಿದ್ದ ಹಳಿಯನ್ನು ಇಂದು ಪರೀಕ್ಷಿಸಬೇಕು. ಜೊತೆಗೆ ಓದಿದವರ ಕೆಲಸದಲ್ಲಿ ಹುಳುಕು ಹುಡುಕಬೇಕು. "ಮದುವೆ ಮಾಡಿಕೊಟ್ಟ ಮಗಳು ತವರಿಗೆ ತಪಾಸಣೆಗೆ ಬಂದ ಹಾಗೆ" ಎಂದರು ಗ್ಯಾಂಗ್‌ಮನ್. "ಸಾರು ಸಪ್ಪೆಯೆಂದು ಗೊತ್ತಾದರೂ ನೆಂಟರ ಮುಂದೆ ಬಾಯಿ ಬಿಡುತ್ತಾಳೆಯೇ?"

ಅವರ ಕಾಲದಲ್ಲಿ ಒಮ್ಮೆ ದೊಡ್ಡ ತಪಾಸಣೆ ಬಂತಂತೆ. ಊರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಳಿಯ ಪಕ್ಕದ ಕಲ್ಲುಗಳಿಗೆ ಸುಣ್ಣ, ಬೆಂಕಿ ಆರಿಸುವ ಬಕೆಟ್ಟುಗಳಿಗೆ ಕೆಂಪು ಬಣ್ಣ, ಒಳಗೆ ಜರಡಿ ಹಿಡಿದ ಹೊಸ ಮರಳು. ಬಾಗಿಲಿನ ಎರಡೂ ಕಡೆ ಕ್ರೋಟನ್ ಕುಂಡಗಳು. ಸಾಹೇಬರು ಹೊರಡುವ ಮೊದಲೇ ಕುಂಡಗಳು ಹಿಂಬಾಗಿಲಿನಿಂದ ಲಾರಿ ಹತ್ತಿ ಮುಂದಿನ ನಿಲ್ದಾಣಕ್ಕೆ ಹೋಗುತ್ತಿದ್ದವು. "ಒಂದೇ ಗಿಡವನ್ನು ಸಾಹೇಬರು ಮೂರು ನಿಲ್ದಾಣಗಳಲ್ಲಿ ಮೆಚ್ಚಿಕೊಂಡರು. ಮೂರನೆಯ ಕಡೆ ಸ್ವಲ್ಪ ಬಾಡಿತ್ತು, ನೀರು ಹಾಕಿ ಎಂದರು."

ಆದರೆ ಅದೇ ಸಾಹೇಬರು ಟ್ರಾಲಿಯಿಂದ ಇಳಿದು, ಉರಿಬಿಸಿಲಿನಲ್ಲಿ ಜಲ್ಲಿಯ ಮೇಲೆ ಮಂಡಿಯೂರಿ, ಎರಡು ಹಳಿಗಳ ನಡುವೆ 1,676 ಮಿಲಿಮೀಟರ್ ಇದೆಯೇ ಎಂದು ಅಳತೆಪಟ್ಟಿ ಇಟ್ಟು ನೋಡಿದರಂತೆ. ಸಡಿಲವಾಗಿದ್ದ ಎರಡು ಕ್ಲಿಪ್ಪುಗಳನ್ನು ಎದುರಿಗೇ ನಿಂತು ಬಿಗಿಸಿದರಂತೆ. ನೋಡುವ ಕಣ್ಣಿಗೆ ಬರವಿಲ್ಲ. ಬರೆದ ಮೇಲೆ ಏನಾಗುತ್ತದೆ ಎಂಬುದೇ ಬೇರೆ ಕಥೆ: ಆಯುಕ್ತರ ವರದಿಯ ಶಿಫಾರಸುಗಳು ಶಿಫಾರಸುಗಳು ಮಾತ್ರ. ಒಪ್ಪುವುದೂ ಬಿಡುವುದೂ ರೈಲ್ವೆಯವರ ಚಿತ್ತ.

ಲೆಕ್ಕ ನೋಡುವ ಮಹಾಲೇಖಪಾಲರಿಗಾದರೂ ಅಂಜುತ್ತಾರೆಯೇ ಎಂದರೆ ಅದೂ ಅನುಮಾನ. ರೈಲು ಸುರಕ್ಷೆಗೆಂದೇ 2017ರಲ್ಲಿ ಒಂದು ಲಕ್ಷ ಕೋಟಿ ರೂಪಾಯಿಯ ನಿಧಿ ಘೋಷಣೆಯಾಯಿತು. ಅದರ ಹಣದಲ್ಲಿ ಪಿಂಗಾಣಿ ಪಾತ್ರೆ, ಚಳಿಗಾಲದ ಜಾಕೆಟ್ಟು, ಕಾಲು ಒತ್ತುವ ಯಂತ್ರ ಕೊಂಡಿದ್ದಾರೆ ಎಂದು 2022ರ ವರದಿ ಹೇಳಿತು. ಹಳಿಗೂ ಕಾಲಿಗೂ ಏನು ಸಂಬಂಧ ಎಂದು ಕೇಳಬೇಡಿ. ಹಳಿಯನ್ನು ಕಾಯುವುದು ಕಾಲಿನಿಂದಲೇ. ಗ್ಯಾಂಗ್‌ಮನ್ ಪ್ಯಾಂಟಿನ ತುದಿ ಎತ್ತಿ ಊದಿದ ಹಿಮ್ಮಡಿ ತೋರಿಸಿದರು. "ಮೂವತ್ತು ವರ್ಷ ಹಳಿಯ ಮೇಲೆ ನಡೆದ ಕಾಲು ಇದು. ಆ ಯಂತ್ರಕ್ಕೆ ವಿಳಾಸ ಸಿಗಲಿಲ್ಲವೇನೋ."

ಇದೇ ಹಳಿ ಹಿಡಿದು ಅರಸೀಕೆರೆ, ಬೀರೂರು ದಾಟಿದರೆ ಹೊಸದುರ್ಗ ರೋಡ್ ನಿಲ್ದಾಣ. 2023ರ ಫೆಬ್ರವರಿ 8ರಂದು ಅಲ್ಲಿ ಸಂಪರ್ಕ ಕ್ರಾಂತಿ ರೈಲಿಗೆ ಸಿಗ್ನಲ್ ಒಂದು ದಾರಿ ತೋರಿಸಿತು, ಹಳಿ ಇನ್ನೊಂದಕ್ಕೆ ತಿರುಗಿತ್ತು. ಚಾಲಕ ಗಮನಿಸಿ ನಿಲ್ಲಿಸಿದ್ದರಿಂದ ಜನ ಉಳಿದರು. ವ್ಯವಸ್ಥೆಯಲ್ಲೇ ಗಂಭೀರ ದೋಷವಿದೆ ಎಂದು ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೇ ಮರುದಿನ ಪತ್ರ ಬರೆದರು. ನಾಲ್ಕು ತಿಂಗಳಿಗೆ, ಜೂನ್ 2ರಂದು, ಒಡಿಶಾದ ಬಾಲಸೋರ್‌ನಲ್ಲಿ ರೈಲುಗಳ ಡಿಕ್ಕಿ. 290ಕ್ಕೂ ಹೆಚ್ಚು ಜೀವ. ಆಗ ಆಯುಕ್ತರು ಹೋದರು, ಸಿಗ್ನಲ್ ಸರ್ಕಿಟ್ಟಿನ ಬದಲಾವಣೆಯಲ್ಲಿ ಲೋಪವಾಗಿದೆ ಎಂದು ಬರೆದರು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

"2024ರಿಂದ ನಮ್ಮ ಸಂಸದರೇ ರೈಲ್ವೆ ರಾಜ್ಯ ಸಚಿವರಲ್ಲವೇ, ಒಂದು ಮನವಿ ಕೊಟ್ಟರಾಯಿತು" ಎಂದೆ.

"ಆಯೋಗ ಅವರ ಇಲಾಖೆಯದಲ್ಲವಲ್ಲ ಸ್ವಾಮಿ. ವಿಮಾನದವರ ಬಳಿಗೆ ಹೋಗಬೇಕು. ತುಮಕೂರಿಗೆ ವಿಮಾನ ನಿಲ್ದಾಣವೇ ಬಂದಿಲ್ಲ."

ರೈಲು ಯಾವುದೋ ಔಟರ್‌ನಲ್ಲಿ ನಿಂತಿತ್ತು. ಇಪ್ಪತ್ತು ನಿಮಿಷವಾಯಿತು. ಮೇಲೆ ವಿಮಾನವೊಂದು ಬೆಂಗಳೂರಿನ ಕಡೆಗೆ ಇಳಿಯುತ್ತಿತ್ತು. ಗ್ಯಾಂಗ್‌ಮನ್ ಕಿಟಕಿಯ ಸರಳಿಗೆ ಹಣೆಯೊತ್ತಿ ಅದನ್ನೇ ನೋಡಿದರು.

"ಸರಿಯಾಗಿ ಕೂತುಕೊಳ್ಳಿ" ಎಂದರು, "ತಪಾಸಣೆ ನಡೆಯುತ್ತಿದೆ."