ದುಡ್ಡಿನ ಮಾತೇ ಇಲ್ಲವಲ್ಲ ಸರ್
1640ರ ದಶಕದಲ್ಲಿ ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧದ ಬಗ್ಗೆ ನೀವು ಬರೆದ ಲೇಖನದಲ್ಲಿ ಪಾರ್ಲಿಮೆಂಟಿನ ಗೆಲುವನ್ನೆಲ್ಲ ಅದರ ಸೇನಾನಿ ಕ್ರಾಮ್‌ವೆಲ್ ತಲೆಗೇ ಕಟ್ಟಿಬಿಟ್ಟಿದ್ದೀರಿ. ಲಂಡನ್, ನೌಕಾಪಡೆ ಎರಡೂ ಮೊದಲಿನಿಂದ ಪಾರ್ಲಿಮೆಂಟಿನ ಕೈಯಲ್ಲಿದ್ದವು. 1643ರಲ್ಲಿ ಪಾರ್ಲಿಮೆಂಟಿನ ಮುಖಂಡ ಜಾನ್ ಪಿಮ್ ಬಿಯರಿನ ಮೇಲೂ ಅಬಕಾರಿ ಸುಂಕ ಹಾಕಿಸಿದ (ಒಪ್ಪಿಗೆಯಿಲ್ಲದೆ ರಾಜ ತೆರಿಗೆ ಎತ್ತಿದ ಅಂತ ಗಲಾಟೆ ಎಬ್ಬಿಸಿದವರೇ ಇವರು!). ಇಂಥ ತೆರಿಗೆಗಳ ಬಲದಿಂದಲೇ 1645ರಲ್ಲಿ ಪಾರ್ಲಿಮೆಂಟಿನ ಹೊಸ ಪಡೆ, ನ್ಯೂ ಮಾಡೆಲ್ ಸೇನೆ, ಎದ್ದು ನಿಂತಿದ್ದು. ಅದರ ದಂಡನಾಯಕ ಫೇರ್‌ಫ್ಯಾಕ್ಸ್, ಕ್ರಾಮ್‌ವೆಲ್ ಅಲ್ಲ.

ಆದರೂ ಅದೇ ವರ್ಷದ ನೇಸ್ಬಿ ಕದನದ ಮಟ್ಟಿಗೆ, ಗೆಲುವು ಕ್ರಾಮ್‌ವೆಲ್‌ನದು ಅನ್ನೋ ನಿಮ್ಮ ಮಾತು ಒಪ್ಪುತ್ತೇನೆ. ರಾಜನ ಸೋದರಳಿಯ ರೂಪರ್ಟ್‌ನ ಕುದುರೆಪಡೆ ಎದುರಿನವರನ್ನು ಚದುರಿಸಿ, ಸಾಮಾನಿನ ಬಂಡಿಗಳ ತನಕ ಓಡಿಹೋಯಿತು. ಕ್ರಾಮ್‌ವೆಲ್‌ನ ಸವಾರರು ಹಿಡಿತ ತಪ್ಪದೆ, ತಿರುಗಿ ರಾಜನ ಕಾಲಾಳುಗಳ ಮೇಲೆ ಬಿದ್ದರು. ಅಲ್ಲಿ ಸಿಕ್ಕ ಚಾರ್ಲ್ಸ್‌ನ ಖಾಸಗಿ ಪತ್ರಗಳನ್ನು ಪಾರ್ಲಿಮೆಂಟು ಅಚ್ಚು ಹಾಕಿಸಿ ಹಂಚಿತು. ಐರ್ಲೆಂಡಿನ ಕ್ಯಾಥೊಲಿಕರ ನೆರವು ಪಡೆಯುವ ಅವನ ಮಸಲತ್ತು ಊರಿಗೆಲ್ಲ ಗೊತ್ತಾಯಿತು. ರಾಜನ ಮಾನ ಹೋಗಿದ್ದು ಸೋಲಿಗಿಂತ ಅದರಿಂದಲೇ ಹೆಚ್ಚು ಅನ್ನಿಸುತ್ತೆ ನನಗೆ.